ಕಲ್ಲಿನ ಕತ್ತಿಗೆ ನವಣೆ ಮೊಳೆತದ್ದು

ಬೆಳವಣಕಿಯ ಅಗಸಿಯ, ಅಂದರೆ ಊರಬಾಗಿಲಿನ, ಬಲಕ್ಕೆ ವೀರಗಲ್ಲುಗಳ ಒಂದು ಸಾಲು ನಿಂತಿತ್ತು. ಎದೆಯೆತ್ತರದ ಕಲ್ಲುಗಳು, ಒಂದೊಂದರಲ್ಲೂ ಕತ್ತಿ ಎತ್ತಿದ ಒಬ್ಬೊಬ್ಬ ಮನುಷ್ಯ. ಯುಗಾದಿಯ ಹಿಂದಿನ ದಿನ ಅವನ್ನು ತೊಳೆದು ಎಣ್ಣೆ ಹಚ್ಚುವುದು ಊರಿನ ಕೆಲವು ಹೆಂಗಸರ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ, ಕೂಲಿಯೂ ಇಲ್ಲ. ಎಣ್ಣೆ ಕೂಡ ಅವರವರ ಮನೆಯದೇ. ಊರ ಮಂದಿ ನಗುತ್ತ ಅವರನ್ನು ‘ಕಲ್ಲು ತೊಳೆಯುವವರು’ ಅನ್ನುತ್ತಿದ್ದರು. ಅವರಲ್ಲಿ ಹಿರಿಯಳು ಬಾಳವ್ವ.

ಬಾಳವ್ವ ಶಿರೋಳದ ಮಗಳು. ಸೊಸೆಯಾಗಿ ಬಂದ ಮೊದಲ ವರ್ಷವೇ ಅತ್ತೆ ಅವಳ ಕೈಗೆ ಒಣಗಿದ ಹೀರೇಕಾಯಿಯ ನಾರು ಕೊಟ್ಟು ಕಲ್ಲಿನ ಮುಂದೆ ಕೂಡಿಸಿದ್ದಳು. ನಿಯಮ ಒಂದೇ. ಕಲ್ಲಿನಲ್ಲಿರುವವನ ಹೆಸರು, ಅವನ ತಂದೆಯ ಹೆಸರು, ಅವನು ಸತ್ತ ರೀತಿ ಇಷ್ಟನ್ನೂ ಬಾಯಿಬಿಟ್ಟು ಹೇಳಬೇಕು. ತಪ್ಪಿದರೆ ಮೊದಲಿನಿಂದ ತೊಳೆಯಬೇಕು. ಹೆಸರು ಬಾರದವರ ಎಣ್ಣೆ ಆ ಕಲ್ಲಿಗೆ ಸಲ್ಲುವುದಿಲ್ಲ. ಹೊಸ ಸೊಸೆ ಬಾಳವ್ವ ಕೆರೆಯ ಒಡ್ಡು ಕಾಯುತ್ತ ಸತ್ತ ಕರೆಪ್ಪನನ್ನೂ ದನ ಬಿಡಿಸಿಕೊಂಡು ಬರುತ್ತ ಸತ್ತ ಈಶಪ್ಪನನ್ನೂ ಅದಲುಬದಲು ಮಾಡಿ, ಬೆರಳು ಬೆಳ್ಳಗಾಗುವ ತನಕ ತೊಳೆದಳು. ಮುಂದೆಂದೂ ತಪ್ಪಲಿಲ್ಲ. ಅತ್ತೆ ಹೋದಳು, ಗಂಡ ಹೋದ. ಕಲ್ಲುಗಳು ಅವಳ ಪಾಲಿಗೆ ಉಳಿದವು. ನೀಲವ್ವ, ಮಾಳವ್ವ, ಪಿಂಜಾರ ಓಣಿಯ ಮಕ್ತುಮಬಿ ಇವರಿಗೆಲ್ಲ ಹೆಸರುಗಳನ್ನು ಬಾಯಿಗೆ ಹತ್ತಿಸಿದವಳು ಅವಳೇ.

ನರಗುಂದದ ಕೋಟೆ ಕಂಪನಿಯವರ ಕೈಗೆ ಬಿದ್ದ ವರ್ಷ, ಮಳೆಗಾಲದ ಮೊದಲಿಗೆ, ಯಾವ ಊರಲ್ಲೂ ಆಯುಧ ಇರಕೂಡದೆಂದು ಹುಕುಂ ಬಂತು. ಸಾಹೇಬನೊಬ್ಬ ಊರೂರು ಶೋಧಿಸುತ್ತ ಬರುತ್ತಿದ್ದಾನೆಂದು ಸುದ್ದಿಯಾಯಿತು. ಹೆದರಿದ ಮಂದಿ ಕತ್ತಿ, ಭರ್ಚಿಗಳ ಜೊತೆಗೆ ಕುಡಗೋಲು, ಈಳಿಗೆಗಳನ್ನೂ ಚಾವಡಿಗೆ ತಂದು ಹಾಕಿದರು. ಆ ಹೆದರಿಕೆಯಲ್ಲೇ ಗುರುಸಂಗಪ್ಪಗೌಡರಿಗೆ ಅಗಸಿಯ ಕಲ್ಲುಗಳು ನೆನಪಾದವು. ಕಲ್ಲುಗಳಲ್ಲಿನ ಕತ್ತಿಗಳನ್ನೆಲ್ಲ ಕೆತ್ತಿ ತೆಗೆಯಲು ಕಲ್ಲುಕುಟಿಗ ಮದರಸಾಬನಿಗೆ ಹೇಳಿ ಕಳಿಸಿದರು. ಈಶಪ್ಪ ಅವರ ಮನೆತನದ ಹಿರಿಯನೇ. ಅವನ ಕತ್ತಿಯನ್ನೂ ಬಿಡಬಾರದೆಂದರು.

ಬಾಳವ್ವ ಸೆರಗು ಹೊದ್ದು ನೇರ ಚಾವಡಿಗೆ ಹೋದಳು. ಗೌಡರು ಮುಖ ಎತ್ತಲಿಲ್ಲ.

“ಸಾಹೇಬ ಅಗಸ್ಯಾಗಿಂದನ ಬರ್ತಾನ ಬಾಳವ್ವಾ. ಮೊದಲ ಅವನ ಕಣ್ಣಿಗೆ ಬೀಳೂದು ಆ ಕತ್ತಿಗೋಳ. ಅವು ಹೋದರ ಹೋಗ್ಲಿ, ಊರ ಉಳೀಲಿ.”

“ಕತ್ತಿ ತಗದರ ಅವರು ಬರೀಗೈಲೆ ಓಡಿ ಸತ್ತಂಗ ಕಾಣ್ತಾರ್ರಿ ಗೌಡ್ರ. ಆಮ್ಯಾಲ ನಾ ಯಾವ ಬಾಯಿಲೆ ಅವರ ಹೆಸರ ಹೇಳ್ಲಿ?”

ಗೋಡೆ ಮೆತ್ತುವ ಮಣ್ಣಿನಿಂದ ಕತ್ತಿಗಳನ್ನು ಮುಚ್ಚಿಬಿಡುತ್ತೇವೆ, ಸಾಹೇಬ ಹೋದ ಮೇಲೆ ತೊಳೆದರಾಯಿತು ಎಂದು ಬಾಳವ್ವ ಕೇಳಿಕೊಂಡಳು. ಆಗಲಿ, ಆದರೆ ಒಂದು ಕತ್ತಿಯ ಗುರುತು ಕಂಡರೂ ಸಾಲಿಗೆ ಸಾಲೇ ಉಳಿಗೆ ಹೋಗುತ್ತದೆ ಎಂದು ಗೌಡರು ಕರಾರು ಹಾಕಿದರು. ಹೊರಗೆ ಕೂತಿದ್ದ ಮದರಸಾಬ ತನ್ನ ಚೀಲ ಕಟ್ಟಿಕೊಂಡ.

“ಉಳಿ ಮಸದ ಇಟ್ಟೀನಿ ಯವ್ವಾ. ಆದರ ಮುಂಜಾನಿಂದ ಕೈಗೆ ಯಾಕೋ ಬ್ಯಾನಿ” ಎಂದು ಹೇಳಿ, ಗಟ್ಟಿಮುಟ್ಟಾದ ಕೈ ಬೀಸುತ್ತ ಮನೆಗೆ ನಡೆದ.

ಹೆಂಗಸರು ಕೆರೆಯ ಮಣ್ಣು ತಂದರು. ಮಣ್ಣು ಬಿರಿಯದಂತೆ ಸಗಣಿ ಕಲಸಿದರು. ಮಾಳವ್ವ ತನ್ನ ಹಿತ್ತಿಲಿಂದ ನವಣೆಯ ಹೊಟ್ಟು ಹೊತ್ತು ತಂದಳು. ಗೋಡೆಗೆ ಮೆತ್ತುವ ಹದವೇ ಕಲ್ಲಿಗೂ. ಮುಖಕ್ಕೆ ಮಣ್ಣು ಹಾಕಬಾರದೆಂದು ಬಾಳವ್ವ ಕತ್ತಿಯಷ್ಟೇ ಮುಚ್ಚಿಸಿದಳು, ಹಿಡಿಯಿಂದ ತುದಿಯವರೆಗೆ, ಅಂಚು ಮೀರದಂತೆ.

“ಇಷ್ಟ ನಾಜೂಕ ನನ್ನ ಮನಿ ಗ್ವಾಡಿ ಮೆತ್ತಿದ್ದರ ನನ್ನ ಗಂಡ ಒಮ್ಮೆರೆ ಹೊಗಳ್ತಿದ್ದ” ಎಂದಳು ಮಕ್ತುಮಬಿ.

“ನಿನ್ನ ಗಂಡ ಕಲ್ಲಾದ ಮ್ಯಾಲ ಅವಗೂ ಮೆತ್ತೂಣಂತ” ಎಂದಳು ನೀಲವ್ವ.

ಮರುದಿನ ಸಾಹೇಬ ಬರಲಿಲ್ಲ. ಜಿಟಿಜಿಟಿ ಮಳೆ ಹಿಡಿಯಿತು; ಎರೆನೆಲದಲ್ಲಿ ಅವನ ಬಂಡಿಗಳು ಹೂತು ನಿಂತವೆಂದು ಸುದ್ದಿ ಬಂತು. ಅಗಸಿಯ ಚಾಚಿದ ಸೂರಿನ ಕೆಳಗಿದ್ದ ಕಲ್ಲುಗಳಿಗೆ ಇರಚಲಷ್ಟೇ ಬಡಿಯುತ್ತಿತ್ತು, ಮಣ್ಣು ತೊಳೆದುಹೋಗಲಿಲ್ಲ. ಮೊದಲ ದಿನವೇ ದೂರದಿಂದ ನೋಡಿ ಬಾಳವ್ವ ಸಮಾಧಾನಪಟ್ಟುಕೊಂಡಳು. ಆಮೇಲೆ ಮಳೆಯಲ್ಲಿ ಅತ್ತ ಹೋಗಿ ನೋಡಲಿಲ್ಲ.

ವಾರ ಕಳೆದು ಮಳೆ ನಿಂತು ಹೊಳವಾದ ದಿನ ಬೆಳಿಗ್ಗೆ ಕುದುರೆ ಬಂದವೆಂದು ಕೂಗು ಕೇಳಿ ಅವಳು ಅಗಸಿಗೆ ಓಡಿಬಂದಳು. ಬಂದವಳು ಅಲ್ಲೇ ನಿಂತಳು. ಹೊಟ್ಟಿನಲ್ಲಿ ಉಳಿದಿದ್ದ ನವಣೆಯ ಕಾಳು ಮೊಳೆತಿತ್ತು. ಪ್ರತಿ ಕಲ್ಲಿನಲ್ಲೂ ಎತ್ತಿದ ಕೈಯಿಂದ ಒಂದು ಹಸಿರು ಕತ್ತಿ ಎದ್ದಿತ್ತು. ಮೊದಲಾದರೆ ಕತ್ತಿಗಳು ಕಲ್ಲಿನ ಬಣ್ಣದಲ್ಲಿ ಕಲ್ಲಾಗಿದ್ದವು. ಈಗ ಹಾದಿಯ ಆ ತುದಿಯಿಂದಲೂ ಕಾಣುವಂತಿದ್ದವು.

ಮಾಳವ್ವ ಅಳುತ್ತ ಸಸಿ ಕೀಳಲು ಕೈ ಹಾಕಿದಳು. ಕಿತ್ತರೆ ಬೇರಿನ ಜೊತೆ ಮಣ್ಣೂ ಏಳುತ್ತದೆ, ಕೆಳಗಿನ ಕತ್ತಿ ಕಾಣುತ್ತದೆ. ಬಾಳವ್ವ ಅವಳ ಕೈ ಹಿಡಿದಳು. ಅಷ್ಟರಲ್ಲಿ ಸಾಹೇಬನ ಕುದುರೆ ಸಾಲಿನ ಮುಂದೆಯೇ ನಿಂತಿತು.

ಇದೇನೆಂದು ಸಾಹೇಬ ಕೇಳಿದ. ಜೊತೆಗಿದ್ದ ಮುನ್ಷಿ ಅದನ್ನು ಕನ್ನಡದಲ್ಲಿ ಕೇಳಿದ. ಗೌಡರು ಬಾಳವ್ವನ ಕಡೆ ನೋಡಿದರು. ಬಾಳವ್ವ ಮುಂದೆ ಬಂದಳು.

“ಕತ್ತೀರಿ. ನೀವ ನೋಡಿದರ ಕೆತ್ತಿ ತಗೀಬೇಕಾಕ್ಕೈತಿ ಅಂತ ಮುಚ್ಚಿದ್ವಿ. ನಮ್ಮ ಹೊಟ್ಟಿನಾಗ ಕಾಳ ಇತ್ತು, ಮೊಳತೈತಿ.”

ಯಾರ ಕತ್ತಿಗಳು ಎಂದು ಮುನ್ಷಿ ಕೇಳಿದ. ಯುಗಾದಿಯ ಹಿಂದಿನ ದಿನ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಅವಳು ಸಾಲಿನ ಒಂದು ತುದಿಯಿಂದ ಶುರುಮಾಡಿದಳು. ಹೆಸರು, ತಂದೆಯ ಹೆಸರು, ಸತ್ತ ರೀತಿ. ಎರಡನೆಯ ಕಲ್ಲಿಗೆ ನೀಲವ್ವ ದನಿಗೂಡಿಸಿದಳು, ಮುಂದಿನದಕ್ಕೆ ಮಕ್ತುಮಬಿ, ಕಣ್ಣೊರೆಸಿಕೊಂಡು ಮಾಳವ್ವ. ಸಾಹೇಬ ಕುದುರೆ ಇಳಿದು, ಬೆತ್ತದ ತುದಿಯಿಂದ ಸಸಿಗಳನ್ನು ಸವರಿ ನೋಡಿದ. ಏನೋ ಹೇಳಿದ. ಮುನ್ಷಿಯ ಮೀಸೆ ಅಲುಗಿತು.

“ಹುಕುಂ ಕಬ್ಬಿಣಕ್ಕ ಐತಂತ. ಕಲ್ಲಿಗಿಲ್ಲ. ನವಣಿಗಂತೂ ಇಲ್ಲ.”

ಕಬ್ಬಿಣದ ಮೇಲೆ ಮಾತ್ರ ಸಾಹೇಬನಿಗೆ ಕನಿಕರ ಇರಲಿಲ್ಲ. ಈಶಪ್ಪನ ಕಾಲದಿಂದ ಗೌಡರ ದೇವರ ಜಗಲಿಯ ಮೇಲಿದ್ದ ಕತ್ತಿಯೂ ಅಂದೇ ಬಂಡಿ ಏರಿ ಹೋಯಿತು. ಗೌಡರು ಬಂಡಿಯ ಹಿಂದೆ ಅಗಸಿಯವರೆಗೆ ಬಂದರು. ಬಂಡಿ ಮರೆಯಾದ ಮೇಲೂ ತಮ್ಮ ಹಿರಿಯನ ಕಲ್ಲಿನ ಮುಂದೆ ನಿಂತೇ ಇದ್ದರು.

ಮುಂದಿನ ಯುಗಾದಿಯ ಹಿಂದಿನ ದಿನ ಹೆಂಗಸರು ಕಲ್ಲಿನ ಮುಂದೆ ಕೂತಿದ್ದಾಗ ಗೌಡರು ಒಂದು ತಂಬಿಗೆ ಕುಸುಬಿ ಎಣ್ಣೆ ಹಿಡಿದು ತಾವಾಗಿ ಬಂದರು. ಆ ಕೆಲಸಕ್ಕೆ ಗಂಡಸರು ಬಂದ ಸುದ್ದಿ ಊರಲ್ಲಿ ಯಾರೂ ಕೇಳಿರಲಿಲ್ಲ. ಬಾಳವ್ವ ಹೀರೇಕಾಯಿಯ ನಾರು ಕೊಟ್ಟಳು. ಗೌಡರು ಧೋತರದ ಕಚ್ಚೆ ಬಿಗಿದು ಕೂತು, ಈಶಪ್ಪನ ಕಲ್ಲನ್ನು ತೊಳೆದು, ಎಣ್ಣೆಗೆ ಕೈ ಅದ್ದುವ ಮೊದಲು ಗಟ್ಟಿಯಾಗಿ ಹೇಳಿದರು: ಈಶಪ್ಪ, ಶಿವನಪ್ಪನ ಮಗ, ದನ ಬಿಡಿಸಿಕೊಂಡು ಬರುವಾಗ ಸತ್ತವನು.

ಹೆಂಗಸರು ಬಾಳವ್ವನ ಮುಖ ನೋಡಿದರು. ಬಾಳವ್ವ ಎಣ್ಣೆಯ ತಂಬಿಗೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ತೋಟಪ್ಪನ ಮಗಾರೀ. ಶಿವನಪ್ಪ ನಿಮ್ಮ ಮುತ್ಯಾ. ಮತ್ತೊಮ್ಮೆ ತೊಳೀರಿ ಗೌಡ್ರ.”

ಗೌಡರು ಕೊಡದಿಂದ ನೀರು ಬಗ್ಗಿಸಿಕೊಂಡು, ಕತ್ತಿಯ ತುದಿಯಿಂದಲೇ ಮತ್ತೆ ತೊಳೆಯಲು ಶುರುಮಾಡಿದರು.