ರಟ್ಟಿನ ಕೊಳವೆಯ ಗೂಬೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಈ ನಾಲ್ಕು ತಾಲೂಕಿನಲ್ಲಿ ಒಂದು ಜಾತಿಯ ಗೂಬೆಯ ಹಾಗೆ ಕೂಗಬಲ್ಲವನು ನಾನೊಬ್ಬನೇ. ಜಂಬ ಅಂದರೆ ಜಂಬವೇ ಇರಲಿ. ಆ ಗೂಬೆಯೂ ಈಗ ಇಲ್ಲಿ ಇಲ್ಲ, ಹಳೆಯ ಪುಸ್ತಕಗಳಲ್ಲಿ ಮಾತ್ರ ಇದೆ ಎಂದು ಓದಿದವರು ಹೇಳುತ್ತಾರೆ. ನನಗೆ ಆ ಕೂಗನ್ನು ಕಲಿಸಿದವನು ಸತ್ತು ಎರಡು ವರ್ಷವಾಯಿತು.

ಹೀಗಿರುವಾಗ ಕಳೆದ ದೀಪಾವಳಿ ಮುಗಿದ ವಾರ, ಹೊತ್ತು ಮುಳುಗುವ ಸಮಯದಲ್ಲಿ, ನಮ್ಮ ಆಫೀಸಿನ ಹಿಂಬದಿಯಿಂದ ಅದೇ ಕೂಗು ಕೇಳಿಸಿತು. ಮೂರು ಸಲ. ನಾನು ಒಳಗೆ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ಮೊದಲು ಆಫೀಸಿನ ವಿಷಯ ಹೇಳುತ್ತೇನೆ. ದಾಂಡೇಲಿಯಲ್ಲಿ ಒಂದು ಗ್ಯಾರೇಜಿನ ಮಾಳಿಗೆಯ ಮೇಲೆ ನಮ್ಮ ಎರಡು ಕೋಣೆ. ಕಾಡು, ನದಿ, ಹಕ್ಕಿಗಳ ಮೇಲೆ ಸಂಶೋಧನೆ ಮಾಡುವವರಿಗೂ ಆ ಸಂಶೋಧನೆಗೆ ನಿಯಮ ಮಾಡುವ ಸರ್ಕಾರಕ್ಕೂ ನಡುವೆ ಓಡಾಡುವುದು ನಮ್ಮ ಕೆಲಸ. ಈ ನಿಯಮ ಬದಲಾಗಬೇಕು, ಆ ಪರವಾನಗಿ ಸುಲಭವಾಗಬೇಕು ಎಂದು ಮನವಿ ಬರೆದು ಬೆಂಗಳೂರಿಗೆ ಒಯ್ಯುತ್ತೇವೆ. ಕೆಳಗಿನ ಗ್ಯಾರೇಜಿನ ಚಾಚಾ ನಮ್ಮದನ್ನೂ ಗ್ಯಾರೇಜ್ ಎಂದೇ ಕರೆಯುತ್ತಾನೆ. ಅವನ ಹತ್ತಿರ ಗಾಡಿಗಳು ಕೆಟ್ಟು ನಿಲ್ಲುತ್ತವೆ, ನಮ್ಮ ಹತ್ತಿರ ಫೈಲು.

ಪ್ರತಿ ಮನವಿಯ ಕೊನೆಗೆ ಒಂದು ಪುಟ ಇರಬೇಕು. ಅದರ ತಲೆಬರಹ 'ಸಿಬ್ಬಂದಿಯ ಹಿನ್ನೆಲೆ'. ಸರ್ಕಾರಕ್ಕೆ ಬುದ್ಧಿ ಹೇಳಲು ಬಂದ ಇವರು ಯಾರು ಎಂದು ತಲಾ ನಾಲ್ಕು ಸಾಲು. ಅದನ್ನು ಬರೆಯುವವನು ನಾನು. ಕಾಗದದ ಮಿಲ್ಲಿನ ಲ್ಯಾಬಿನಲ್ಲಿ ನನ್ನ ಅರ್ಧ ಆಯುಷ್ಯ ಕಾಗದ ಹರಿದು, ಮಡಚಿ, ಅದರ ಬಲ ನೋಡುವುದರಲ್ಲಿ ಕಳೆದಿತ್ತು. ನನ್ನ ನಾಲ್ಕು ಸಾಲಿನಲ್ಲಿ ಅದು 'ಸಸ್ಯನಾರಿನ ಗುಣಪರೀಕ್ಷೆಯಲ್ಲಿ ದೀರ್ಘ ಅನುಭವ' ಆಯಿತು. ನಮ್ಮಲ್ಲಿ ಮುಂಡಗೋಡದ ಒಬ್ಬ ನಿವೃತ್ತ ಕ್ಲರ್ಕ್ ಇದ್ದಾನೆ. ಯಾವ ಫೈಲು ಯಾವ ಮೇಜಿನ ಮೇಲೆ ಮಲಗಿದೆ ಎಂಬುದೊಂದೇ ಅವನ ವಿದ್ಯೆ. ಅವನನ್ನು 'ಆಡಳಿತ ಪ್ರಕ್ರಿಯೆಗಳ ತಜ್ಞ' ಮಾಡಿದೆ. ಆ ಪುಟವನ್ನು ಅವನು ಝೆರಾಕ್ಸ್ ಮಾಡಿಸಿ ಅಳಿಯನ ಮನೆಗೆ ಒಯ್ದ. ಹಳಿಯಾಳದಲ್ಲಿ ಕಾಲೇಜು ಪಾಠ ಮಾಡಿ ಬಂದ ನಮ್ಮ ಮೇಡಂ ಮಾತ್ರ ತಮ್ಮದನ್ನು ತಾವೇ ಬರೆದುಕೊಂಡರು. ಅವರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಇಲ್ಲದ್ದಕ್ಕೆ ಕಾರಣವಿತ್ತು. ಒಮ್ಮೆ ನಾನು ಕೆಳಗಿನ ಗ್ಯಾರೇಜಿನಿಂದ ಆ ಕ್ಲರ್ಕಿಗೆ ಫೋನ್ ಮಾಡಿ, ದನಿ ಬದಲಿಸಿ, ಕಾರ್ಯದರ್ಶಿಗಳು ಮಾತಾಡುತ್ತಾರೆ ಲೈನಿನಲ್ಲಿರಿ ಎಂದಿದ್ದೆ. ದೊಡ್ಡವರ ಫೋನ್ ಬಂದರೆ ಅವನು ಎದ್ದು ನಿಲ್ಲುತ್ತಾನೆ. ಅರ್ಧ ಗಂಟೆ ನಿಂತಿದ್ದ.

ಇನ್ನೊಬ್ಬ ಇದ್ದ, ನನ್ನ ಗೆಳೆಯ. ಜೋಯಿಡಾ ಕಡೆಯವನು, ಮನೆಯಲ್ಲಿ ಕೊಂಕಣಿ. ಸಂಶೋಧಕರನ್ನು ಕಾಡಿಗೆ ಕರೆದುಕೊಂಡು ಹೋಗಿ ಬರುವುದು ಅವನ ಕೆಲಸ. ಎಲೆಯ ಹಿಂದೆ ಕುಳಿತ ಹಕ್ಕಿ ಯಾವುದು, ಅದು ಹೆದರಿದೆಯೋ ಹಸಿದಿದೆಯೋ ಎಂದು ಕಿವಿಯಿಂದಲೇ ಹೇಳುತ್ತಿದ್ದ. ಅವನ ನಾಲ್ಕು ಸಾಲು ಬರೆಯಲು ಕುಳಿತ ದಿನ ಅವನು ಕೇಳಿದ, "ಹಿನ್ನೆಲಿ ಅಂದ್ರ ಏನೋ?"

"ನಿನ್ನ ಹಿಂದ ಏನೇನ್ ಐತಿ ಅಂತ."

ಅವನು ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ. "ನನ್ನ ಹಿಂದ ಯಾವಾಗಲೂ ನೀನ ಇರ್ತೀಯಲ್ಲ. ಅದನ್ನ ಬರಿ."

ಅದನ್ನು ಬರೆಯಲಿಲ್ಲ. ಏಳನೇ ಇಯತ್ತೆಯವರೆಗೆ ಶಾಲೆ, ಕಾಡಿನ ದಾರಿಗಳ ಪರಿಚಯ, ಕೊಂಕಣಿ, ಮರಾಠಿ, ಕನ್ನಡ ಬಲ್ಲರು, ಕೂಗಿನಿಂದಲೇ ಹಕ್ಕಿಯನ್ನು ಗುರುತಿಸಬಲ್ಲರು ಎಂದು ಬರೆದೆ. ನಾನು ಏನೂ ಉಬ್ಬಿಸದೆ ಬರೆದ ಹಿನ್ನೆಲೆ ಅದೊಂದೇ.

ಆ ಗೂಬೆಯ ಕೂಗು ಅವನ ಅಜ್ಜನದು. ಅಜ್ಜ ಅದನ್ನು ಕಾಡಿನಲ್ಲಿ ಕೇಳಿದ್ದನಂತೆ, ಇವನು ಅಜ್ಜನ ಬಾಯಲ್ಲಿ ಕೇಳಿದ್ದ. ಮಾಳಿಗೆಯ ಮೇಲೆ ಚಹಾ ಕುಡಿಯುತ್ತ ಎರಡು ಕೈ ಬಟ್ಟಲು ಮಾಡಿ ನನಗೆ ಕಲಿಸಿದ. ನಾನು ಅವನಿಗಿಂತ ಮುಂದೆ ಹೋದೆ. ಮಿಲ್ಲಿನಲ್ಲಿ ಕಾಗದ ಸುತ್ತುವ ರಟ್ಟಿನ ಕೊಳವೆ ಇರುತ್ತದಲ್ಲ, ಅದರದೊಂದು ಮೊಳದುದ್ದದ ತುಂಡು ನನ್ನ ಹತ್ತಿರ ಇತ್ತು. ಅದರಲ್ಲಿ ಕೂಗಿದರೆ ಸದ್ದು ಎಲ್ಲಿಂದ ಬಂತೆಂದು ತಿಳಿಯದು. ಅವನು ಕೊಳವೆಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟ. "ಊರಾಗ ಕೂಗು. ಕಾಡಾಗ ಬ್ಯಾಡ," ಅಂದ. ಯಾಕೆ ಎಂದೆ. "ಯಾರರ ಉತ್ತರ ಕೊಟ್ರ ಏನ್ ಮಾಡ್ತಿ?"

ಬೇಡ ಎಂದದ್ದನ್ನು ಮಾಡದಿದ್ದರೆ ನಾನು ನಾನೇ ಅಲ್ಲ.

ಒಂದು ಚಳಿಗಾಲದ ಬೆಳಗು, ಇನ್ನೂ ಮಂಜು ಬಿಟ್ಟಿರಲಿಲ್ಲ. ಹೊರರಾಜ್ಯದಿಂದ ಬಂದ ಒಬ್ಬ ಸಂಶೋಧಕಿ, ಪರವಾನಗಿ ಕೊಡುವ ಇಲಾಖೆಯ ಒಬ್ಬ ಅಧಿಕಾರಿ, ದಾರಿ ತೋರಿಸಲು ನನ್ನ ಗೆಳೆಯ, ಮೂವರೂ ಅನಮೋಡದ ಕಡೆಯ ಕಾಡಿಗೆ ಹೋಗುವವರಿದ್ದರು. ನಾನು ಅವರಿಗಿಂತ ಮೊದಲೇ ಹೋಗಿ ದಾರಿಯ ಪಕ್ಕದ ಬಿದಿರು ಮೆಳೆಯ ಹಿಂದೆ ಕುಳಿತೆ. ಅವರು ಹತ್ತಿರ ಬಂದಾಗ ಮೂರು ಸಲ ಕೂಗಿದೆ. ನಿಂತುಬಿಟ್ಟರು. ಬಿದಿರಿನ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಸಂಶೋಧಕಿ ರೆಕಾರ್ಡ್ ಮಾಡುವ ಯಂತ್ರವನ್ನು ಮೇಲೆತ್ತಿ ಹಿಡಿದಿದ್ದಳು. ಅಧಿಕಾರಿ ಮರಗಳ ತುದಿ ನೋಡುತ್ತಿದ್ದ. ನನ್ನ ಗೆಳೆಯನೊಬ್ಬನೇ ನೇರವಾಗಿ ನನ್ನ ಮೆಳೆಯನ್ನು ನೋಡುತ್ತಿದ್ದ. ಅವರಿಬ್ಬರಿಗೂ ತಿಳಿಯದ ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದ:

"ಪುರೊ ರೇ ದೋಸ್ತಾ. ಭಾಯ್ರ ಯೋ."

ಸಾಕೋ ಗೆಳೆಯ, ಹೊರಗೆ ಬಾ.

ಬರಲು ಎದ್ದೆ ಕೂಡ. ಅಷ್ಟರಲ್ಲಿ ಆ ಸಂಶೋಧಕಿ ಅಳತೊಡಗಿದಳು, ಸಂತೋಷಕ್ಕೆ. ಅಧಿಕಾರಿ ಫೋನ್ ತೆಗೆದು ಯಾರಿಗೋ ಸುದ್ದಿ ಹೇಳತೊಡಗಿದ. ನಮ್ಮ ಆಫೀಸಿನ ದೊಡ್ಡ ಫೈಲೊಂದು ಅವನ ಮೇಜಿನ ಮೇಲೆಯೇ ಇತ್ತು. ನಾನು ಮತ್ತೆ ಕುಕ್ಕರುಗಾಲಲ್ಲಿ ಕುಳಿತೆ. ಇದು ಅದೇ ಗೂಬೆಯೇ ಎಂದು ಅಧಿಕಾರಿ ಗೆಳೆಯನನ್ನು ಕೇಳಿದ. ಅವನು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಮೆಳೆಯ ಕಡೆ ನೋಡುತ್ತ ನಿಂತಿದ್ದು, ಹೌದೆಂದು ತಲೆಯಾಡಿಸಿದ.

ಕೂಗು ವರದಿಯಲ್ಲಿ ಸೇರಿತು. ವರದಿ ನಮ್ಮ ಮನವಿಯಲ್ಲಿ ಸೇರಿತು. ಬೆಂಗಳೂರಿನಲ್ಲಿ ಅದನ್ನು ಬಲ್ಲವರಿಗೆ ಕೇಳಿಸಿದರು. ಇದು ಹಕ್ಕಿಯದಲ್ಲ, ಮನುಷ್ಯನದು ಎಂದು ಅವರು ಬರೆದರು. 'ಸ್ಥಳೀಯ ಸಹಾಯಕನ ತಪ್ಪು ಮಾಹಿತಿ' ಎಂಬ ಒಂದು ಸಾಲು ಫೈಲಿಗೆ ಬಿತ್ತು. ಮೇಡಂ ಗೆಳೆಯನನ್ನು ಕರೆಸಿ ಕೇಳಿದಾಗ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

"ಕಿವಿ ತಪ್ಪಿತ್ರಿ ಮೇಡಂ," ಅಂದ ಅವನು.

ಮೆಟ್ಟಿಲ ಮೇಲೆ ಅವನನ್ನು ಹಿಡಿದು, ನಾನೇ ಹೇಳುತ್ತೇನೆ, ನಾಳೆಯೇ ಹೇಳುತ್ತೇನೆ ಎಂದೆ. ಹಲ್ಲು ಕಿಸಿದೆ ಕೂಡ. ನನಗೆ ಹೆದರಿಕೆಯಾದಾಗಲೂ ನಗುವೇ ಬರುವುದು. ಅವನು ಚಪ್ಪಲಿ ಮೆಟ್ಟುತ್ತ, "ಹೇಳಾವ ಆಗಿದ್ರ ಆವಾಗ ಹೊರಗ ಬರ್ತಿದ್ದಿ," ಅಂದು ಇಳಿದುಹೋದ.

ಆಮೇಲೆ ಯಾವ ಸಂಶೋಧಕರೂ ಅವನನ್ನು ಕರೆಯಲಿಲ್ಲ. ಕಿವಿ ತಪ್ಪಿದವನನ್ನು ಯಾರು ಕರೆಯುತ್ತಾರೆ? ಜೋಯಿಡಾ ಕಡೆಯ ರಾಮನಗರದ ಒಂದು ಅಂಗಡಿಯಲ್ಲಿ ಲಾರಿಯಿಂದ ಚೀಲ ಇಳಿಸುವ ಕೆಲಸಕ್ಕೆ ಹೋದ. ಅಲ್ಲಿ ಜ್ವರ ಹಿಡಿಯಿತು, ಬಿಡಲಿಲ್ಲ. ನೋಡಲು ಹೋದಾಗ ಬಾಳೆಹಣ್ಣು ಒಯ್ದಿದ್ದೆ. ಹೇಳಬೇಕಾದ ಮಾತನ್ನು ಹಾಗೇ ವಾಪಸು ತಂದೆ.

ಅವನು ಹೋದ ಮರುವರ್ಷ ಅವನ ಮಗಳನ್ನು ಮೇಡಂ ಟೈಪಿಂಗ್ ಕೆಲಸಕ್ಕೆ ತೆಗೆದುಕೊಂಡರು. ನನ್ನನ್ನು ಕಾಕಾ ಎನ್ನುತ್ತಾಳೆ. ನಾಲ್ಕು ಸಾಲಿನ ಹಿನ್ನೆಲೆ ಬರೆಯುವುದನ್ನು ಅವಳಿಗೆ ಕಲಿಸಿದವನು ನಾನೇ. ಬೇಗ ಕಲಿತಳು, ನನ್ನ ಹಾಗೆ ಉಬ್ಬಿಸುವುದೊಂದನ್ನು ಬಿಟ್ಟು.

ಆ ದೀಪಾವಳಿಯ ಹೊತ್ತಿಗೆ ನಾವು ಒಂದು ಹೊಸ ಮನವಿ ತಯಾರಿಸುತ್ತಿದ್ದೆವು. ಕಾಡಿನಲ್ಲಿ ದಾರಿ ತೋರಿಸಿ, ಹಕ್ಕಿ ಗುರುತಿಸಿಕೊಡುವ ಸ್ಥಳೀಯರ ಹೆಸರು ಪರವಾನಗಿಯಲ್ಲೂ ವರದಿಯಲ್ಲೂ ಬರಬೇಕು ಎಂಬುದು ಅದರ ಬೇಡಿಕೆ. ಹಿನ್ನೆಲೆಯ ಪುಟದಲ್ಲಿ ನನ್ನ ಗೆಳೆಯನ ಹಳೆಯ ನಾಲ್ಕು ಸಾಲನ್ನೂ ಮೇಡಂ ಉಳಿಸಿದ್ದರು. ಮಗಳೇ ಅದನ್ನು ಟೈಪ್ ಮಾಡಿದಳು. ಎರಡು ಸಲ ತಪ್ಪು ತಿದ್ದಿ, ಮೂರನೆಯ ಸಲ ಸುಮ್ಮನೆ ಓದಿದಳು.

ಅದೇ ವಾರ ಕೂಗು ಶುರುವಾಯಿತು. ಒಂದು ಸಂಜೆಯಲ್ಲ, ದಿನ ಬಿಟ್ಟು ದಿನ. ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಹಿಂಬದಿಯ ಬಿದಿರಿನ ಕಡೆಯಿಂದ ಮೂರು ಸಲ. ಚಾಚಾನನ್ನು ಕೇಳಿದೆ. ಕಂಪ್ರೆಸರ್ ಸದ್ದಿನಲ್ಲಿ ಅವನಿಗೆ ಗೂಬೆಯೂ ಕೇಳುವುದಿಲ್ಲ, ಗಿರಾಕಿಯೂ ಕೇಳುವುದಿಲ್ಲವಂತೆ. ಕ್ಲರ್ಕನ್ನು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, ಈ ಸಲ ನಾನು ನಿನ್ನ ಆಟಕ್ಕೆ ಸಿಗುವುದಿಲ್ಲ ಎಂದು ಚೀಲ ಎತ್ತಿಕೊಂಡು ಹೋದ. ಊರಿಗೆಲ್ಲ ಸುಳ್ಳು ಹೇಳಿದವನಿಗೆ ನಿಜವಾದ ಹೆದರಿಕೆ ಬಂದರೆ ಅದನ್ನು ಹೇಳಿಕೊಳ್ಳಲು ಜಾಗವಿರುವುದಿಲ್ಲ. ಯಾರರ ಉತ್ತರ ಕೊಟ್ರ ಏನ್ ಮಾಡ್ತಿ? ಗೆಳೆಯನ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾನು ಬೇಗ ಮನೆಗೆ ಹೋಗತೊಡಗಿದೆ. ಮನೆಯಲ್ಲೂ ಬೆನ್ನನ್ನು ಗೋಡೆಗೆ ಕೊಟ್ಟೇ ಊಟಕ್ಕೆ ಕುಳಿತೆ.

ಆಗ ನಾವು ಕಳಿಸಿದ್ದ ಮನವಿ ಬೆಂಗಳೂರಿನಿಂದ ಮರಳಿ ಬಂತು. ಫೈಲಿನಲ್ಲಿ ತಪ್ಪು ಮಾಹಿತಿಯ ಸಾಲಿರುವ ಮನುಷ್ಯನ ಹೆಸರನ್ನೇ ಇಟ್ಟುಕೊಂಡು ಇಂಥ ಬೇಡಿಕೆ ತಂದರೆ ನಗುತ್ತಾರೆ, ಅವನ ಹಿನ್ನೆಲೆ ತೆಗೆಯಿರಿ ಎಂದು ಒಂದು ಚೀಟಿ. ಮೇಡಂ ತೆಗೆಯಲು ಹೇಳಿದರು. ಮಗಳು ಅಳಲಿಲ್ಲ. ಕೀಬೋರ್ಡಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಪ್ಪನ ಹೆಸರು ಅಚ್ಚಾಗಿದ್ದು ಅದೊಂದ ಕಾಗದದಾಗ ರೀ ಮೇಡಂ."

ಫೈಲಿನ ಆ ಸಾಲಿಗೆ ಉತ್ತರವಾಗುವಂಥದ್ದು ಏನಾದರೂ ಇದ್ದರೆ ಸೋಮವಾರದೊಳಗೆ ತಾ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು ಮೇಡಂ.

ಆ ಸಂಜೆ ಮತ್ತೆ ಕೂಗು ಬಂದಾಗ ನಾನು ಹಿಂದಿನ ಮೆಟ್ಟಿಲು ಇಳಿದೆ. ಕೆಳಗೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಮಗಳು ಕುಳಿತಿದ್ದಳು, ಮಡಿಲಲ್ಲಿ ಫೋನು. ಗೂಬೆ ಫೋನಿನೊಳಗಿತ್ತು. ನನ್ನದೇ ಕೂಗು. ಮೂರನೆಯದು ಮುಗಿದು ಸ್ವಲ್ಪ ಬಿಟ್ಟು, ಮಂಜಿನೊಳಗಿಂದ ಬಂದಂತೆ, ಅವನ ದನಿ ಬಂತು.

ಪುರೊ ರೇ ದೋಸ್ತಾ. ಭಾಯ್ರ ಯೋ.

"ಅಪ್ಪನ ದನಿ ಉಳದದ್ದು ಇದೊಂದ, ಕಾಕಾ," ಅಂದಳು. ಆ ಸಂಶೋಧಕಿ ಅಂದೇ ಅವನ ಫೋನಿಗೆ ಪೂರ್ತಿ ಕಳಿಸಿದ್ದಳಂತೆ. ವರದಿಗೆ ಕೂಗಿನಷ್ಟನ್ನೇ ಕತ್ತರಿಸಿ ಹಾಕಿದ್ದರು. "ನೋಡ್ರಿ, ಗೂಗಿಗೂ ದೋಸ್ತ ಅಂತಾನ. ಹೊರಗ ಬಾ ಅಂತ ಕರೀತಾನ. ಎಲ್ಲಾರೂ ಮನಷಾ ಕೂಗಿದ್ದು ಅಂತಾರ. ಮನಷಾ ಆಗಿದ್ರ ನಮ್ಮಪ್ಪಗ ಗೊತ್ತಾಗ್ತಿರ್ಲಿಲ್ಲೇನು?"

ಅಪ್ಪನ ಕಿವಿಯನ್ನು ಅವಳಿಗೆ ಮರಳಿ ಕೊಡಬೇಕೆಂದರೆ ಅಪ್ಪನ ಗೂಬೆಯನ್ನು ಕಿತ್ತುಕೊಳ್ಳಬೇಕು. ಶನಿವಾರ, ಭಾನುವಾರ ಎರಡೂ ದಿನ ಹಾಳೆ ಹಿಡಿದು ಕುಳಿತು ಬರೆದೆ, ಹರಿದೆ.

ಸೋಮವಾರ ಬೆಳಿಗ್ಗೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತೆ. ನನ್ನ ಹಿನ್ನೆಲೆ ತಿದ್ದುವುದಿದೆ, ಐದನೆಯ ಸಾಲು ಸೇರಿಸು ಎಂದು ಹೇಳಿ ಬರೆಸತೊಡಗಿದೆ. ಆ ದಿನ ಬಿದಿರು ಮೆಳೆಯ ಹಿಂದೆ ಕುಳಿತು ರಟ್ಟಿನ ಕೊಳವೆಯಿಂದ ಗೂಬೆಯಂತೆ ಕೂಗಿದವರು ಇವರೇ. ಅವಳ ಬೆರಳು ಅಲ್ಲಿ ನಿಂತಿತು. ನಾನು ಹೇಳುತ್ತಲೇ ಹೋದೆ, ನಿಲ್ಲಿಸಿದ್ದರೆ ಮತ್ತೆ ಹೇಳುತ್ತಿರಲಿಲ್ಲ. ಜೊತೆಗಿದ್ದ ಸಹಾಯಕರು ಇದನ್ನು ಆ ಕ್ಷಣವೇ ಗುರುತಿಸಿ, ಹೊರಗೆ ಬರುವಂತೆ ಇವರನ್ನು ಕರೆದಿದ್ದರು. ಪೂರ್ತಿ ರೆಕಾರ್ಡಿಂಗಿನಲ್ಲಿ ಆ ಮಾತು ಇದೆ. ಆಮೇಲೆ ಹೌದೆಂದು ತಲೆಯಾಡಿಸಿದ್ದು ಇವರನ್ನು ಉಳಿಸಲು. ಅವರ ಕಿವಿ ತಪ್ಪಿರಲಿಲ್ಲ.

ಅವಳು ಕೊನೆಯವರೆಗೂ ಟೈಪ್ ಮಾಡಿದಳು. ಪರದೆ ನೋಡುತ್ತಲೇ ಕೇಳಿದಳು, "ಹೊರಗ ಬಾ ಅಂದದ್ದು ನಿಮಗೇನ್ರಿ?"

"ಹೂಂ."

"ಯಾಕ ಬರ್ಲಿಲ್ಲ?"

ಪ್ರಿಂಟರಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತೆ.

ಮೇಡಂ ಪುಟ ಓದಿ ಕನ್ನಡಕ ತೆಗೆದಿಟ್ಟರು. ಬೈಯಲಿಲ್ಲ. "ನಿಮ್ಮ ಹಿನ್ನೆಲಿ ಇನ್ನ ಈ ಪಟ್ಟಿಯೊಳಗ ಇರಾಕ ಬರೂದಿಲ್ರಿ," ಅಂದರು. ಐದನೆಯ ಸಾಲನ್ನು ನನ್ನ ಸಹಿಯ ಪತ್ರ ಮಾಡಿ, ಪೂರ್ತಿ ರೆಕಾರ್ಡಿಂಗ್ ಜೊತೆಗೆ ಬೆಂಗಳೂರಿಗೆ ಕಳಿಸಿದರು. ನನ್ನ ಗೆಳೆಯನ ನಾಲ್ಕು ಸಾಲು ಉಳಿಯಿತು, ನನ್ನ ನಾಲ್ಕು ಹೋಯಿತು. ಯಾವ ಕಾಗದ ಯಾವ ಡ್ರಾಯರಿನಲ್ಲಿದೆ ಎಂದು ನನ್ನೊಬ್ಬನಿಗೇ ಗೊತ್ತಿರುವುದರಿಂದ ನನ್ನ ಕುರ್ಚಿ ಮಾತ್ರ ಇನ್ನೂ ಇದೆ. ತನ್ನ ಹಿನ್ನೆಲೆಯನ್ನು ತಾನೇ ಬರೆದು ಪಟ್ಟಿಯಿಂದ ಹೊರಗೆ ಬಿದ್ದವನು ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮಗಳು ನನ್ನ ಜೊತೆ ಮಾತು ಬಿಟ್ಟಳು. ಸಂಜೆಯ ಕೂಗೂ ನಿಂತಿತು. ಅದು ನಿಂತಮೇಲೆ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಆ ದನಿಯನ್ನು ಈಗ ಅವಳು ಕೇಳುತ್ತಲೇ ಇಲ್ಲವೋ ಏನೋ. ಹೊತ್ತು ಮುಳುಗುವಾಗ ನಾನು ಬೇಕೆಂದೇ ಆಫೀಸಿನಲ್ಲಿ ಉಳಿಯುತ್ತಿದ್ದೆ. ಹಿಂದುಗಡೆ ಬಿದಿರಿನ ಎಲೆಯ ಸದ್ದು ಬಿಟ್ಟರೆ ಏನಿಲ್ಲ.

ಸುಮಾರು ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಅವಳು ನನ್ನ ಮೇಜಿನ ಮೇಲೆ ಒಂದು ರಟ್ಟಿನ ಕೊಳವೆ ತಂದಿಟ್ಟಳು. ಫ್ಲೆಕ್ಸ್ ಅಂಗಡಿಯಿಂದ ಕೇಳಿ ತಂದದ್ದು. ಹಿಂದಿನ ಮೆಟ್ಟಿಲು ಇಳಿದಳು. ನಾನು ಅವಳ ಹಿಂದೆ ಹೋದೆ.

ಕಟ್ಟೆಯ ಮೇಲೆ ಕುಳಿತು, ಬಿದಿರಿನ ಕಡೆ ಮುಖ ಮಾಡಿ, "ಕೂಗ್ರಿ," ಅಂದಳು.

ಮುಂದಿನ ಹಲ್ಲು ಎರಡು ಇಲ್ಲ, ಉಸಿರೂ ಮೊದಲಿನದಲ್ಲ. ಆದರೂ ಹೇಳುತ್ತೇನೆ, ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಎಂದೂ ಕೂಗಿರಲಿಲ್ಲ. ಒಂದು. ಎರಡು. ಮೂರು. ಗ್ಯಾರೇಜಿನಲ್ಲಿ ಚಾಚಾನ ಕಂಪ್ರೆಸರ್ ತಾನಾಗಿ ನಿಂತಿತು. ಮೂರನೆಯ ಕೂಗು ಮುಗಿದ ಮೇಲೆ ಸ್ವಲ್ಪ ಬಿಟ್ಟು ಆ ಮಾತು ಬರುವ ಜಾಗ ಇದೆಯಲ್ಲ, ಅಲ್ಲಿಗೆ ಬಂದು ಇಬ್ಬರೂ ಉಸಿರು ಹಿಡಿದೆವು. ಅವಳು ಬಿದಿರನ್ನೇ ನೋಡುತ್ತಿದ್ದಳು. ನಾನೂ ನೋಡಿದೆ.

ಆ ದನಿ ಬರಲಿಲ್ಲ.

"ಇನ್ನೊಮ್ಮೆ ಕೂಗ್ರಿ, ಕಾಕಾ," ಅಂದಳು.

ಕೊಳವೆಯನ್ನು ಮತ್ತೆ ಬಾಯಿಗೆ ಹಿಡಿದೆ.