ಮೈಬೂಸಾಬನ ಬುಟ್ಟಿಗೆ ಬಿದ್ದ ಮೂರು ಲಿಂಬೆ

ಸುಟ್ಟ ಮೋಟಾರಿನ ತಂತಿಯನ್ನು ಮೂಸಿ ನೋಡಿಯೇ ಮೈಬೂಸಾಬ ತಪ್ಪು ಯಾರದೆಂದು ಹೇಳುತ್ತಿದ್ದ. "ಬಾವ್ಯಾಗ ನೀರಿಲ್ಲದಾಗ ಓಡಿಸೀರಿ ಗೌಡ್ರ. ಸುಳ್ಳ ಹೇಳಬ್ಯಾಡ್ರಿ, ನಿಮಗಿಂತ ಈ ತಂತಿ ಖರೇ ಹೇಳತೈತಿ." ಗೌಡರು ಮುಖ ಗಂಟಿಕ್ಕಿಕೊಂಡರೂ ಮೋಟಾರು ಅಲ್ಲಿಯೇ ಬಿಟ್ಟು ಹೋಗುತ್ತಿದ್ದರು. ಇಂಡಿ ಸುತ್ತಲಿನ ಲಿಂಬೆ ತೋಟಗಳಲ್ಲಿ ಅವನು ತಂತಿ ಸುತ್ತದ ಪಂಪು ಇರಲಿಲ್ಲ.

ಅವನ ಅಂಗಡಿ ನನ್ನ ಮನೆಗೆ ಹತ್ತಿಕೊಂಡೇ ಇತ್ತು. ಎಮ್ಮೆ ಕೊಟ್ಟ ಮೇಲೆ ನನ್ನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಒಂದು ದಿನ ಸೊಲ್ಲಾಪುರಕ್ಕೆ ಲಿಂಬೆ ಹಾಕಿ ಬಂದ ಟೆಂಪೋದಿಂದ ನಾಲ್ಕು ಜನ ಏನೋ ಇಳಿಸಿದರು. ಹೆಣದ ಪೆಟ್ಟಿಗೆಗೆ ಕಾಲು ಹಚ್ಚಿದಂತಿತ್ತು.

"ಏನೋ ಮೈಬೂ ಇದು?"

"ಪಿನ್‌ಬಾಲ್ ಯಕ್ಕಾ. ಅಲ್ಲಿ ಆಟದ ಅಂಗಡಿ ಮುಚ್ಚಿದ್ರು. ಗುಜರಿಗೆ ಹೊಂಟಿತ್ತು. ನಿನ್ನ ಕೊಟ್ಟಿಗ್ಯಾಗ ಜಾಗಾ ಕೊಡತೀಯೇನು?"

"ಹಾಲು ಕೊಡತೈತೇನು?"

"ಇಲ್ಲ. ಆದ್ರ ಸೆಗಣೀನೂ ಹಾಕೂದಿಲ್ಲ."

ಕೊಟ್ಟೆ. ಆಮೇಲೆ ಇನ್ನೆರಡು ಬಂದವು.

ಮೇಲೆ ಗಾಜು, ಒಳಗೆ ಇಳಿಜಾರು ಹಲಗೆ, ಅದರ ಮೇಲೊಂದು ಉಕ್ಕಿನ ಗುಂಡು. ಬದಿಯ ಬಟನ್ ಒತ್ತಿದರೆ ಒಳಗಿನ ಎರಡು ರೆಕ್ಕೆ ಬಡಿದು ಗುಂಡನ್ನು ಮೇಲಕ್ಕೆ ಕಳಿಸುತ್ತವೆ. ತಪ್ಪಿದರೆ ಗುಂಡು ಕೆಳಗಿನ ತೂತಿಗೆ. ಒಂದಾಟಕ್ಕೆ ಮೂರು ಗುಂಡು, ಇಷ್ಟೇ. ರೆಕ್ಕೆ ಬಡಿಸುವ ಸಣ್ಣ ಕಾಯಿಲ್ ಸುಟ್ಟಿತ್ತು. ಮೈಬೂಸಾಬ ಜನ್ಮವಿಡೀ ಪಂಪಿನ ಮೋಟಾರಿಗೆ ಸುತ್ತಿದವನು, ಅದೇ ಕೈಯಲ್ಲಿ ಇದಕ್ಕೂ ದಪ್ಪ ತಂತಿ ಸುತ್ತಿದ. ಬಟನ್ ಒತ್ತಿದ್ದೇ ತಡ, ಗುಂಡು ಗಾಜು ಒಡೆದು ನನ್ನ ಮೇವಿನ ಗೋದಲಿಗೆ ಬಂದು ಬಿತ್ತು. ಅವನು ಗೋದಲಿಯಿಂದ ಗುಂಡು ಎತ್ತಿಕೊಂಡ. "ನೂರು ಫೂಟ್ ನೀರ ಎತ್ತೂ ತಾಕತ್ತ ಗೋಲಿಗೆ ಕೊಟ್ಟಬಿಟ್ಟೆ ಯಕ್ಕಾ" ಎಂದು, ಕೂತು ಎಲ್ಲ ಬಿಚ್ಚಿದ. ಸರಿಯಾದ ತಂತಿ ಸಿಗುವಷ್ಟರಲ್ಲಿ ಒಂದು ಮಳೆಗಾಲ ಹೋಯಿತು.

ಊರಿಗೆ ನಗಲು ಇಷ್ಟು ಸಾಕಾಯಿತು. ನಮ್ಮಲ್ಲಿ ಪಾರಿವಾಳದ ಹವ್ಯಾಸದವರು ಓಣಿಗೆ ನಾಲ್ಕು ಮನೆ. ಓಟದ ಎತ್ತು ಸಾಕುವವರು ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆ ಇದ್ದಾರೆ. ಹಳೆ ನಾಣ್ಯ ಸಂಗ್ರಹಿಸುವವರೂ ಕೂಡಿ ಕೂತು ಚಹಾ ಕುಡಿಯುತ್ತಾರೆ. ಪಿನ್‌ಬಾಲಿಗೆ ಮೈಬೂಸಾಬ ಒಬ್ಬನೇ. ಅವನ ಮಗ ರಫೀಕ, "ಅಬ್ಬಾ, ಗುಜರಿಗೆ ಹಾಕು, ಮಂದಿ ಹುಚ್ಚ ಅಂತಾರ" ಎಂದು ದಿನಾ ಹಟ ಹಿಡಿದ. ಮೈಬೂಸಾಬ, "ಒಮ್ಮೆ ಮಂದಿ ಕಣ್ಣಿಗೆ ಬೀಳಲಿ, ಆಮ್ಯಾಲ ಗುಜರಿ ಮಾತು" ಎಂದ.

ಆ ವರ್ಷ ಶಾಲೆಯಲ್ಲಿ ಹವ್ಯಾಸಗಳ ಪ್ರದರ್ಶನ ಇಟ್ಟರು. ಹೆಸರು ಬರೆಸಲು ಅವನ ಜೊತೆ ನಾನೂ ಹೋದೆ.

ಮಾಸ್ತರರು ಕೇಳಿದರು, "ಈ ಹವ್ಯಾಸ ಮತ್ತ ಯಾರಿಗೈತಿ?"

"ಯಾರಿಗೂ ಇಲ್ರಿ ಸರ."

"ಒಬ್ಬಗ ಇದ್ರ ಅದು ಹುಚ್ಚು ಆಗತೈತಿ ಮೈಬೂಸಾಬ. ಕಮ್ಮಿ ಅಂದ್ರ ಇಬ್ಬರಾದರೂ ಬೇಕು."

"ನನ್ನ ಹೆಸರ ಬರೀರಿ" ಎಂದೆ.

"ನಿಮ್ಮ ಕಡೆ ಮಷೀನ್ ಎಲ್ಲಿ ಅದಾವ್ರಿ ಅಮ್ಮಾರ?"

"ನನ್ನ ಕೊಟ್ಟಿಗ್ಯಾಗ ನಿಂತದ್ದು ನಂದ. ಎಮ್ಮಿ ನಿಂತಾಗ ಯಾರೂ ಕೇಳಲಿಲ್ಲ, ಈಗ್ಯಾಕ ಕೇಳತೀರಿ?"

ಅವರು ಬರೆದುಕೊಂಡರು. ನಾನೂ ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದೆ.

ಅಲ್ಲಿಯ ಪದ್ಧತಿ ಹೀಗಿತ್ತು: ಬಾಗಿಲಲ್ಲಿ ಒಬ್ಬೊಬ್ಬರಿಗೆ ಒಂದು ಲಿಂಬೆಹಣ್ಣು ಕೊಡುವರು, ಮನಸ್ಸಿಗೆ ಬಂದ ಹವ್ಯಾಸದ ಬುಟ್ಟಿಗೆ ಅದನ್ನು ಹಾಕಬೇಕು. ಎತ್ತಿನವರ ಬುಟ್ಟಿ ತುಂಬಿ ನೆಲಕ್ಕೆ ಉರುಳಿತು. ಪಾರಿವಾಳಕ್ಕೂ ಸಾಕಷ್ಟು ಬಿದ್ದವು. ನಮ್ಮ ಬುಟ್ಟಿಗೆ ಸಂಜೆಯವರೆಗೆ ಮೂರು, ಅದರಲ್ಲಿ ಒಂದು ನನ್ನದು.

"ನಿಂದೂ ಒಂದು ಇರಬೇಕಲ್ಲೋ?" ಎಂದೆ.

"ನಾ ಪಾರಿವಾಳಕ್ಕ ಹಾಕಿದೆ. ಚೊಲೋ ಇದ್ದುವು."

"ಹೊಟ್ಟಿಗಿ ಏನ್ ತಿಂತೀಯೋ ನೀ? ನಿನ್ನ ಬುಟ್ಟಿ ಬಿಟ್ಟು..."

"ನನಗ ಪಿನ್‌ಬಾಲ್ ಸೇರತೈತಿ ಅಂತ ಲಿಂಬಿ ಹಾಕಿ ಹೇಳಬೇಕೇನು? ಇಬ್ಬರಿಗೆ ಸೇರೇತಿ ನೋಡು, ಯಾರೋ ಏನೋ. ನನ್ನ ಮುಖಾ ನೋಡಿ ಹಾಕಲಿಲ್ಲ, ಸುಮ್ನ ಆಡಿ, ಹಾಕಿ ಹ್ವಾದ್ರು."

ಸೋತವನ ಮುಖ ಅಲ್ಲ ಅದು. ನನಗೇ ಸಿಟ್ಟು ಬಂದಿತ್ತು.

ಎರಡು ವರ್ಷದ ಮೇಲೆ ಲಕ್ವಾ ಹೊಡೆದು ಅವನ ಎಡಗೈ ಬಿತ್ತು. ಅಂಗಡಿ ಮುಚ್ಚಿತು. ರಫೀಕ ಗುಜರಿಯವನನ್ನು ಕೈಗಾಡಿ ಸಮೇತ ಕರೆದುಕೊಂಡು ನನ್ನ ಕೊಟ್ಟಿಗೆಗೆ ಬಂದ. "ಅಬ್ಬಾನ ಕೈ ಹೋತು. ಇನ್ನ ಯಾರು ಆಡತಾರ್ರಿ ಅಮ್ಮಾರ?"

ನಾನು ಹೋಗಿ ಮೈಬೂಸಾಬನನ್ನು ಹೆಗಲು ಕೊಟ್ಟು ಕರೆತಂದು ಮಷೀನಿಗೆ ಆನಿಸಿ ನಿಲ್ಲಿಸಿದೆ. ಬಲಗಡೆಯ ಬಟನ್ ಅವನಿಗೆ, ಎಡಗಡೆಯದು ನನಗೆ. ಮೂರು ಗುಂಡೂ ನನ್ನ ಕಡೆಯಿಂದಲೇ ಹೋದವು.

"ತಡಾ ಮಾಡತೀ ಯಕ್ಕಾ! ಹ್ವಾದ ಮ್ಯಾಲ ಒತ್ತಿದ್ರ ಏನ್ ಬಂತು?"

"ಬಾಯಿ ಮುಚ್ಚಿಕೊಂಡು ಇನ್ನೊಂದಾಟ ಹಚ್ಚು" ಎಂದೆ.

ಹಚ್ಚಿದ. ಗುಜರಿಯವನು ಒಂದು ಬೀಡಿ ಮುಗಿಸಿದ, ಎರಡನೆಯದನ್ನೂ ಮುಗಿಸಿದ, ಕಡೆಗೆ ಖಾಲಿ ಗಾಡಿ ದೂಡಿಕೊಂಡು ಹೋದ. ನಾನು ಮೈಬೂಸಾಬನ ಜೊತೆ ನಿಂತದ್ದು ಅದೇ ಕೊನೆ. ಮುಂದಿನ ವಾರ ಅವನನ್ನು ಮಣ್ಣು ಮಾಡಿದರು.

ರಫೀಕ ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. "ಒಯ್ಯಲೇನ್ರಿ?" ಎನ್ನುತ್ತಾನೆ.

"ಆಡೋರು ಅದಾರ."

"ಯಾರ್ರಿ?"

"ನಾ."