ವಿಶಾಲಾಕ್ಷಿ ಆಂಟಿ ಕೊಟ್ಟ ನಾಲ್ಕು ದಿನ

ಮೊನ್ನೆ ಅಂಚೆಯಲ್ಲಿ ಒಂದು ಕೈಪಿಡಿ ಬಂತು. ಮತಗಟ್ಟೆಯಲ್ಲಿ ಕೆಲಸ ಮಾಡಲು ಹೆಸರು ಕೊಟ್ಟವರಿಗಾಗಿ ನಮ್ಮ ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲೆಯವರು, ಅಚ್ಚು ಹಾಕಿಸಿ ಕಳಿಸಿದ್ದು. ಲಕೋಟೆ ಒಡೆದದ್ದೇ ತಡ, ಹೊಸ ಕಾಗದದ, ಹೊಸ ಮಸಿಯ ವಾಸನೆ ಮೂಗಿಗೆ ಬಡಿಯಿತು. ಜೂನ್ ತಿಂಗಳಲ್ಲಿ ಪಠ್ಯಪುಸ್ತಕ ಕೊಂಡು ತಂದ ದಿನ ಮನೆಯೆಲ್ಲ ಹರಡುತ್ತಿದ್ದ ವಾಸನೆ ಅದು. ಐವತ್ತೈದು ದಾಟಿದ ಹೆಂಗಸೊಬ್ಬಳು ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಊರಿನ ಅಡುಗೆಮನೆಯಲ್ಲಿ ನಿಂತು ಸರ್ಕಾರಿ ಪುಸ್ತಕವನ್ನು ಮೂಸುತ್ತಿರುವುದನ್ನು ನೋಡಿ ನನ್ನ ಮಗಳು, "ಅಮ್ಮಾ, ಆರ್ ಯೂ ಓಕೆ?" ಎಂದಳು. ಚೆನ್ನಾಗಿಯೇ ಇದ್ದೇನೆ ಎಂದೆ. ಆದರೆ ಚುನಾವಣೆ, ಕಾಗದ, ಪಟ್ಟಿ ಇವು ಮೂರೂ ಒಟ್ಟಿಗೆ ಬಂದರೆ ನನಗೆ ಇಂದಿಗೂ ಎದೆ ಸ್ವಲ್ಪ ಜೋರಾಗಿಯೇ ಹೊಡೆದುಕೊಳ್ಳುತ್ತದೆ. ಅದಕ್ಕೆ ಕಾರಣ ಒಬ್ಬರು ವಿಶಾಲಾಕ್ಷಿ ಆಂಟಿ. ಅವರ ಬಗ್ಗೆ ಹೇಳುತ್ತೇನೆ, ಪುರಸೊತ್ತಿದ್ದರೆ ಕೂತುಕೊಳ್ಳಿ.

ತೊಂಬತ್ತರ ದಶಕದ ನಡುವಿನ ಮಾತು. ನಾನೂ ನನ್ನ ಗಂಡನೂ ಕೆಲಸದ ವೀಸಾದ ಮೇಲೆ ಅಟ್ಲಾಂಟಾಕ್ಕೆ ಬಂದು, ಸುವಾನಿಯ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಈಗ ಸುವಾನಿಗೆ ಹೋದರೆ ಹೆಜ್ಜೆಗೊಂದು ಇಂಡಿಯನ್ ಅಂಗಡಿ. ಆಗ ಪೈನ್ ಮರ, ಕೆಂಪು ಮಣ್ಣು, ಬಿಟ್ಟರೆ ವಿಶಾಲಾಕ್ಷಿ ಆಂಟಿ. ಮೈಸೂರಿನವರು. ಅರವತ್ತರ ದಶಕದಲ್ಲಿ ಇಲ್ಲಿನ ವಲಸೆ ಕಾನೂನು ಬದಲಾದ ಮೇಲೆ ಬಂದ ಮೊದಲ ತಂಡದ ಡಾಕ್ಟರುಗಳಲ್ಲಿ ಒಬ್ಬರು. ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಕೆಲಸ. ಗಂಡ ತೀರಿಕೊಂಡಿದ್ದರು, ಮಗಳು ಓದಲು ಬೇರೆ ಊರಿಗೆ ಹೋಗಿದ್ದಳು. ಹಾಗಾಗಿ ಭಾನುವಾರ ಮಧ್ಯಾಹ್ನದ ಊಟ ನಮಗೆ ಅಲ್ಲೇ ಎಂದು ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ನಾವೂ ಬೇಡವೆನ್ನುವ ತಪ್ಪು ಮಾಡಲಿಲ್ಲ.

ಆ ಊಟಕ್ಕೊಂದು ಕ್ರಮವಿತ್ತು. ಸಾರಿನ ಹೊತ್ತಿಗೆ ಕ್ರೈಮು, ಹುಳಿಯ ಹೊತ್ತಿಗೆ ಇಮಿಗ್ರೇಷನ್ನು, ಮಜ್ಜಿಗೆಗೆ ಬಂದರೆ ಎಲೆಕ್ಷನ್ನು. ಆಂಟಿ ಪಕ್ಕಾ ಕನ್ಸರ್ವೇಟಿವ್. ಅವರು ಮೊದಲು ನಗರದೊಳಗೇ ಮನೆ ಮಾಡಿದ್ದರಂತೆ. ಎರಡು ಸಲ ಮನೆ ಒಡೆದರು. ಮೂರನೇ ಸಲ, ಹಾಡಹಗಲಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ ಕತ್ತಿನ ಸರ ಕಿತ್ತುಕೊಂಡು ಹೋದರು. ಆಮೇಲೆ ಸುವಾನಿಗೆ ಬಂದದ್ದು. ಪೊಲೀಸರು ಇನ್ನೂ ಬೇಕು, ಜಡ್ಜುಗಳು ಇಷ್ಟು ಮೆತ್ತಗಿರಬಾರದು ಎಂಬುದು ಅವರ ನಿಲುವು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವಳು. ಈ ದೇಶಕ್ಕೆ ಬಂದು ಆರು ತಿಂಗಳಾಗಿತ್ತು, ಅಂದಮೇಲೆ ಎಲ್ಲವೂ ಗೊತ್ತಾಗಿತ್ತು. ಅಪರಾಧಕ್ಕೆ ಮೂಲ ಬಡತನ ಎಂದು ಒಂದು ಪುಟ್ಟ ಭಾಷಣ ಮಾಡಿದೆ. ಆಂಟಿ ಸೌಟನ್ನು ಪಾತ್ರೆಯೊಳಗೇ ಬಿಟ್ಟು ನನ್ನ ಕಡೆ ತಿರುಗಿದರು.

"ನಮ್ಮ ಆಪರೇಷನ್ ಟೇಬಲ್ ಮೇಲೆ ಗುಂಡೇಟು ತಿಂದು ಮಲಗೋ ಹುಡುಗ್ರೂ ಬಡವ್ರೇ, ಗುಂಡು ಹೊಡ್ದೋವ್ರೂ ಬಡವ್ರೇ. ಹೊರಗಡೆ ಕೂತು ಅಳೋ ಅಜ್ಜೀನೂ ಬಡವಳೇ. ಆ ಅಜ್ಜಿ ಪೊಲೀಸ್ ಬೇಡ ಅಂದಿದ್ದನ್ನ ನಾನು ಒಂದ್ ದಿನಾನೂ ಕೇಳಿಲ್ಲ ಕಣೆ."

ನನ್ನ ಕಪ್ಪು ಅಲ್ಲಿಗೆ ತಣ್ಣಗಾಯಿತು. ಅವರ ಮಾತನ್ನೆಲ್ಲ ನಾನು ಒಪ್ಪಿದೆ ಎಂದಲ್ಲ. ಇವತ್ತಿಗೂ ಅರ್ಧ ಒಪ್ಪುವುದಿಲ್ಲ. ಕಾಗದಪತ್ರವಿಲ್ಲದೆ ಗಡಿ ದಾಟಿ ಬರುವವರು ಸಾಲಿನಲ್ಲಿ ನಿಂತವರಿಗೆ ಅವಮಾನ ಮಾಡುತ್ತಾರೆ ಎನ್ನುತ್ತಿದ್ದ ಅದೇ ಆಂಟಿ, ಆಸ್ಪತ್ರೆಗೆ ಬಂದ ಯಾರ ಕಾಗದವನ್ನೂ ಕೇಳಿದವರಲ್ಲ. ಅದನ್ನು ಎತ್ತಿ ಆಡಿದರೆ, ಅದು ಆಸ್ಪತ್ರೆ, ಇದು ದೇಶ ಎಂದು ಮುಗಿಸಿಬಿಡುತ್ತಿದ್ದರು.

ಚುನಾವಣೆಯ ವಿಷಯದಲ್ಲಂತೂ ಅವರದು ಮಡಿ. ಪ್ರತಿ ಚುನಾವಣೆಗೂ ಆಸ್ಪತ್ರೆಗೆ ರಜೆ ಹಾಕಿ, ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ನಮ್ಮ ಬಡಾವಣೆಯ ಚರ್ಚಿನ ಹಾಲಿನಲ್ಲಿ ಮತದಾರರ ಪಟ್ಟಿ ಹಿಡಿದು ಕೂರುತ್ತಿದ್ದರು. ಬೆಳಗ್ಗೆ ಎಲ್ಲ ಕೆಲಸಗಾರರ ಜೊತೆ ನಿಂತು, ಬಲಗೈ ಎತ್ತಿ ಪ್ರಮಾಣ ಮಾಡುವುದು ಅವರಿಗೆ ವರ್ಷದ ಹಬ್ಬಗಳಲ್ಲೊಂದು. ಲೈಬ್ರರಿಯಲ್ಲಿ ಪುಸ್ತಕ ತರುವುದಕ್ಕೂ ಕಾರ್ಡು ಕೇಳುವ ದೇಶ ವೋಟಿಗೆ ಗುರುತುಚೀಟಿ ಕೇಳಬೇಡವೇ ಎಂಬುದು ಅವರ ವಾದ. ನನ್ನ ಹೆಸರು ಹೇಳಿಕೊಂಡು ನೀನು ಹೋದರೂ ಇವರಿಗೆ ನಾವಿಬ್ಬರೂ ಒಂದೇ ಥರ ಕಾಣುತ್ತೇವೆ ಎಂದು ನಗುತ್ತಿದ್ದರು. ಲೈಸೆನ್ಸೇ ಇಲ್ಲದ ಮುದುಕರ ಗತಿಯೇನು ಎಂದು ನಾನು ಕೇಳಿದೆ. ಮಾರನೇ ವಾರವೇ ಅಕ್ಕಪಕ್ಕದ ಇಬ್ಬರು ಅಜ್ಜಿಯರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಗುರುತುಚೀಟಿ ಮಾಡಿಸಿಕೊಂಡು ಬಂದರು. ಇಂಥವರ ಜೊತೆ ಜಗಳ ಆಡುವುದು ಎಷ್ಟು ಕಷ್ಟ ನೀವೇ ಹೇಳಿ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪ ಮಂಡ್ಯ ಕಡೆಯ ಸ್ಕೂಲು ಮೇಷ್ಟ್ರು. ಚುನಾವಣೆ ಬಂತೆಂದರೆ ಮೇಷ್ಟ್ರುಗಳಿಗೆ ಡ್ಯೂಟಿ ಬೀಳುತ್ತದಲ್ಲ, ಬಿಸಿಲಿನಲ್ಲಿ ಮನೆಮನೆ ಸುತ್ತಿ ಪಟ್ಟಿ ತಿದ್ದುತ್ತಿದ್ದರು. ಸಂಜೆ ಬಂದು ಕಾಲು ತೊಳೆದು ಹೇಳುತ್ತಿದ್ದುದು ಒಂದೇ ಮಾತು: ಪಟ್ಟಿ ಯಾವುದಾದರೂ ಸರಿ, ಮೊದಲು ಹೆಸರು ಸೇರಿಸಿ. ಪಟ್ಟಿಯಲ್ಲಿ ಹೆಸರಿಲ್ಲದವನು ಊರಲ್ಲಿದ್ದರೂ ಇಲ್ಲದ ಹಾಗೆ. ರೇಷನ್ ಕಾರ್ಡಿರಲಿ, ಜನಗಣತಿಯಿರಲಿ, ವೋಟರ್ ಪಟ್ಟಿಯಿರಲಿ, ನಮ್ಮ ಮನೆಯವರ ಹೆಸರು ಎಲ್ಲದರಲ್ಲೂ ಮೊದಲೇ ಇರುತ್ತಿತ್ತು.

ಇಂಥ ಮನೆಯಲ್ಲಿ ಬೆಳೆದವಳು ಅಟ್ಲಾಂಟಾದ ಹೊರವಲಯದ ಲೈಸೆನ್ಸ್ ಆಫೀಸಿಗೆ ಹೋದೆ. ಡ್ರೈವಿಂಗ್ ಪರೀಕ್ಷೆ ಪಾಸಾದ ಖುಷಿ ಬೇರೆ. ಕೌಂಟರಿನಲ್ಲಿದ್ದಾಕೆ, ವೋಟಿಗೂ ಹೆಸರು ನೋಂದಾಯಿಸುತ್ತೀಯಾ ಎಂದು ನಗುನಗುತ್ತ ಕೇಳಿದಳು. ಆ ಕಾಲದಲ್ಲಿ ಲೈಸೆನ್ಸಿಗೆ ಬಂದವರನ್ನೆಲ್ಲ ಹಾಗೆ ಕೇಳಬೇಕೆಂಬ ಕಾನೂನು ಹೊಸದಾಗಿ ಬಂದಿತ್ತು. ನಗುನಗುತ್ತ ಯಾರು ಏನು ಕೇಳಿದರೂ ಯೆಸ್ ಎನ್ನುವುದೇ ಆಗ ನನ್ನ ಇಂಗ್ಲಿಷು. ಆಹಾ, ಎಂಥ ದೇಶ, ಸರ್ಕಾರವೇ ಕರೆದು ಪಟ್ಟಿಗೆ ಸೇರಿಸುತ್ತದೆ ಎಂದುಕೊಂಡು, ಕೊಟ್ಟ ಹಾಳೆಗೆ ಅಪ್ಪನ ಮಗಳಾಗಿ ಸಹಿ ಹಾಕಿದೆ. ಓದಲಿಲ್ಲ.

ಕೆಲವು ವಾರಗಳ ನಂತರ ಮನೆಗೊಂದು ಕಾರ್ಡು ಬಂತು. ಅದರಲ್ಲಿ ನನ್ನ ಹೆಸರು, ಕೆಳಗೆ ಮತಗಟ್ಟೆಯ ವಿಳಾಸ: ಆಂಟಿ ಕೂರುವ ಅದೇ ಚರ್ಚು. ಅದನ್ನು ದೇವರ ಮುಂದಿಟ್ಟು ಕುಂಕುಮ ಇಟ್ಟೆ. ನಗಬೇಡಿ. ಚುನಾವಣೆಗೆ ಇನ್ನು ಒಂಬತ್ತು ದಿನವಿತ್ತು. ಭಾನುವಾರ ಊಟಕ್ಕೆ ಹೋದಾಗ, ಆಂಟಿಗೆ ಆಶ್ಚರ್ಯವಾಗಲಿ ಎಂದು ಮಜ್ಜಿಗೆಯ ಹೊತ್ತಿಗೆ ಸರಿಯಾಗಿ ಆ ಕಾರ್ಡನ್ನು ಅವರ ತಟ್ಟೆಯ ಪಕ್ಕ ಇಟ್ಟೆ.

ಆಂಟಿ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮುಖದ ಬಣ್ಣವೇ ಬದಲಾಯಿತು.

"ವೋಟ್ ಮಾಡಿದ್ಯಾ? ಇದಕ್ಕೆ ಮುಂಚೆ ಯಾವಾಗ್ಲಾದ್ರೂ?"

"ಇಲ್ಲ ಆಂಟಿ, ಇದೇ ಮೊದಲ್ನೇ ಸಲ. ರೇಷ್ಮೆ ಸೀರೆ ತೆಗೆದಿಟ್ಟಿದೀನಿ."

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ನಾನು ಸಹಿ ಹಾಕಿದ ಹಾಳೆಯಲ್ಲಿ 'ನಾನು ಈ ದೇಶದ ಪ್ರಜೆ' ಎಂಬ ಸಾಲಿತ್ತು. ಪ್ರಜೆಯಲ್ಲದವಳು ಪ್ರಜೆ ಎಂದು ಹೇಳಿಕೊಂಡರೆ ಗ್ರೀನ್ ಕಾರ್ಡಿನ ಮಾತು ಹಾಗಿರಲಿ, ದೇಶದಿಂದಲೇ ಹೊರಗೆ ಕಳಿಸಬಹುದು. ವೋಟನ್ನೂ ಹಾಕಿಬಿಟ್ಟರೆ ಅದು ಇನ್ನೂ ದೊಡ್ಡ ಅಪರಾಧ. ಇಷ್ಟು ದಿನ ಮಜ್ಜಿಗೆಯ ಹೊತ್ತಿಗೆ ಅವರು ಬೈಯುತ್ತಿದ್ದ ಪಟ್ಟಿಯೊಳಗಿನ ಕಳ್ಳಹೆಸರು ಅಂದರೆ ಯಾವುದು ಎಂದು ಇಬ್ಬರಿಗೂ ಈಗ ಗೊತ್ತಾಗಿತ್ತು. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಆಗ ತಾನೇ ಹೋಗಿತ್ತು.

ನೀನೇ ಹೋಗಿ ಹೆಸರು ತೆಗೆಸು ಎಂದರು ಆಂಟಿ. ಎಲ್ಲವನ್ನೂ ಬರೆದುಕೊಟ್ಟು ಬಾ ಎಂದರು. ಹಾಗೆ ಬರೆದುಕೊಟ್ಟರೆ ನಮ್ಮನ್ನು ವಾಪಸ್ಸು ಕಳಿಸಿಬಿಡುವುದಿಲ್ಲವೇ ಎಂದೆ. ಆಗ ಅವರು ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಗುರುವಾರದ ತನಕ ಟೈಮ್ ಕೊಡ್ತೀನಿ. ನೀನು ಹೋಗ್ಲಿಲ್ಲ ಅಂದ್ರೆ ನಾನು ಹೇಳ್ಬೇಕಾಗತ್ತೆ. ಪಟ್ಟಿ ಹಿಡ್ಕೊಂಡು ಆ ಟೇಬಲ್ ಹತ್ರ ಕೂರೋಳು ನಾನು."

ಮನೆಗೆ ಬಂದು ಅತ್ತೆ. ಕಾರ್ಡು ಹರಿದು ಹಾಕು, ವೋಟು ಮಾಡಬೇಡ, ಸುಮ್ಮನಿದ್ದುಬಿಡು, ಯಾರು ನೋಡುತ್ತಾರೆ ಎಂದ ನನ್ನ ಗಂಡ. ಫೋನು ಮಾಡಿದ ಗೆಳೆಯರೆಲ್ಲ ಹೇಳಿದ್ದೂ ಅದನ್ನೇ. ನಾವಾಗಿ ಹೋಗಿ ಬರೆದುಕೊಟ್ಟರೆ ಅದು ಫೈಲಿನಲ್ಲಿ ಕೂರುತ್ತದೆ, ಮೈಮೇಲೆ ಮಾರಿ ಎಳೆದುಕೊಂಡಂತೆ ಎಂದರು. ಆ ಮಾತು ಸುಳ್ಳೂ ಅಲ್ಲ. ನನಗೋ ಆಂಟಿಯ ಮೇಲೆ ಹೇಳತೀರದ ಸಿಟ್ಟು. ಬಡಿಸಿದ ಕೈಯಲ್ಲೇ ದೂರು ಬರೆಯುತ್ತಾರಂತೆ! ಬುಧವಾರ ಮಧ್ಯಾಹ್ನ ಆಫೀಸಿನಿಂದಲೇ ಫೋನು ಮಾಡಿ, ಸ್ವಂತ ಮಗಳಾಗಿದ್ದರೆ ಹೀಗೆ ಮಾಡುತ್ತಿದ್ದಿರಾ ಎಂದು ಕೇಳಿಯೇಬಿಟ್ಟೆ. ಆಸ್ಪತ್ರೆಯ ಗದ್ದಲದ ನಡುವೆ ಅವರು ತಾಳ್ಮೆಯಿಂದಲೇ ಉತ್ತರ ಕೊಟ್ಟರು.

"ಗೊತ್ತಿಲ್ದೇ ಸಹಿ ಹಾಕ್ದೆ, ಅದು ತಪ್ಪು. ಗೊತ್ತಾದ್ಮೇಲೆ ಮುಚ್ಚಿಟ್ರೆ ಅದು ಸುಳ್ಳು. ತಪ್ಪಿಗೆ ಈ ದೇಶದಲ್ಲಿ ದಾರಿ ಇದೆ ಕಣಮ್ಮ. ಸುಳ್ಳಿಗೆ ಇಲ್ಲ. ನಾಳೆ ಹತ್ತು ಗಂಟೆಗೆ ಬರ್ತೀನಿ, ರೆಡಿಯಾಗಿರು."

ಹತ್ತು ಗಂಟೆಗೆ ಸರಿಯಾಗಿ ಬಂದರು. ಪತ್ರವನ್ನು ಅವರೇ ಟೈಪ್ ಮಾಡಿ ಮೂರು ಪ್ರತಿ ತಂದಿದ್ದರು. ಈ ಸಲ ಒಂದೊಂದು ಸಾಲನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿ ಆಮೇಲೆ ಸಹಿ ಹಾಕಿಸಿದರು. ಕೌಂಟಿ ಆಫೀಸಿನಲ್ಲಿ ಬೆಳ್ಳಿಕೂದಲಿನ ಒಬ್ಬಾಕೆ ಪತ್ರ ಓದಿ, ಎಂದಾದರೂ ವೋಟು ಹಾಕಿದ್ದೀಯಾ ಎಂದು ನನ್ನನ್ನು ಕೇಳಿದಳು. ಇಲ್ಲವೆಂದೆ. ಒಳಗೆ ಹೋದಳು, ಬಂದಳು, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದಳು, ನಮ್ಮ ಪ್ರತಿಗೆ ಮೊಹರು ಒತ್ತಿ ಕೊಟ್ಟಳು. ಹೀಗೆ ಬಂದು ಹೇಳಿದ್ದು ಒಳ್ಳೆಯದಾಯಿತು ಎಂದಳು. ಅಷ್ಟೇ. ಹೆಸರು ಪಟ್ಟಿಯಿಂದ ಹೋದದ್ದಕ್ಕೆ ಸಂತೋಷಪಟ್ಟದ್ದು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಆಂಟಿ ಡಬ್ಬಿ ತೆಗೆದು ಮೊಸರನ್ನ ಕೊಟ್ಟರು. ನಾಲ್ಕು ದಿನದಿಂದ ಸರಿಯಾಗಿ ತಿಂದಿರಲಿಲ್ಲ, ಅಳುತ್ತಲೇ ಪೂರ್ತಿ ತಿಂದೆ. ಮೊಹರಿನ ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಇಡು, ಯಾರು ಕೇಳಿದರೂ ಮೊದಲು ಇದನ್ನು ತೆಗೆದಿಡು ಎಂದರು.

ಕೇಳಿದರು. ಬಹಳ ವರ್ಷಗಳ ಮೇಲೆ, ಪೌರತ್ವದ ಸಂದರ್ಶನದಲ್ಲಿ. ಈ ದೇಶದಲ್ಲಿ ಎಂದಾದರೂ ವೋಟಿಗೆ ಹೆಸರು ನೋಂದಾಯಿಸಿದ್ದುಂಟೇ ಎಂದು ಅಧಿಕಾರಿ ಕೇಳಿದ. ಉಂಟು ಎಂದೆ. ಅವನ ಪೆನ್ನು ನಿಂತಿತು. ನಾನು ಕಾಗದ ಮುಂದಿಟ್ಟೆ. ತಾರೀಖು ನೋಡಿದ, ಮೊಹರು ನೋಡಿದ, ಪೂರ್ತಿ ಓದಿದ. ಅಷ್ಟು ವರ್ಷಗಳ ಬದುಕು, ಶಾಲೆಗೆ ಸೇರಿದ್ದ ಮಗಳು, ಮನೆ ಎಲ್ಲವೂ ಆ ಒಂದು ಹಾಳೆಯ ಮೇಲೆ ಕೂತಿತ್ತು. ನೀನು ಮಾಡಬೇಕಾದ್ದನ್ನೇ ಮಾಡಿದ್ದೀಯ ಎಂದು ಅವನು ಮುಂದಿನ ಪ್ರಶ್ನೆಗೆ ಹೋದ. ಸುಮ್ಮನಿರು ಎಂದವರ ಮಾತು ಕೇಳಿದ್ದರೆ ಆ ಕುರ್ಚಿಯಲ್ಲಿ ನಾನು ಏನು ಹೇಳುತ್ತಿದ್ದೆ ಎಂದು ನೆನೆದರೆ ಈಗಲೂ ಬೆವರುತ್ತೇನೆ.

ಆಂಟಿಗೆ ಈಗ ಎಂಬತ್ತೇಳು. ವರ್ಜೀನಿಯಾದ ಆಲ್ಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕೈಪಿಡಿ ಬಂದ ದಿನವೇ ಫೋನು ಮಾಡಿ, ನಾನೂ ಮತಗಟ್ಟೆಯಲ್ಲಿ ಕೂರುತ್ತೇನೆ, ಜೊತೆಗೆ ಬಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಷ್ಟೇ ಬಾಕಿ ಎಂದು ತಿಳಿಸಿದೆ. ನಿಮ್ಮ ಕೆಲಸ ಮುಂದುವರಿಸುತ್ತಿದ್ದೇನೆ, ನೀವು ಒಂದು ಚುನಾವಣೆಯನ್ನೂ ಬಿಟ್ಟವರಲ್ಲ ಎಂದೆ.

"ಬಿಟ್ಟಿದೀನಿ," ಎಂದರು. "ನಿನ್ನ ಹೆಸರು ತೆಗೆಸಿದ್ವಲ್ಲ, ಆ ವರ್ಷ ನಾನು ಕೂರ್ಲಿಲ್ಲ. ಮೈ ಹುಷಾರಿಲ್ಲ ಅಂತ ಹೇಳಿಕಳಿಸ್ದೆ."

ಯಾಕೆ ಎಂದು ಕೇಳಿದೆ.

"ನಾಲ್ಕು ದಿನ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ನಲ್ಲೇ. ಪಟ್ಟೀಲಿ ತಪ್ಪು ಹೆಸರಿದೆ ಅಂತ ಗೊತ್ತಾದ ತಕ್ಷಣ ಹೇಳ್ಬೇಕಿತ್ತು. ನೀನು ನೀನಾಗೇ ಹೋಗ್ಬೇಕು ಅಂತ ಕಾದೆ. ಹಾಗೆ ಮಾಡ್ಬಿಟ್ಟು, ಮಂಗಳವಾರ ಕೈ ಎತ್ತಿ ಪ್ರಮಾಣ ಮಾಡೋದು ಹೇಗೆ?"

ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆಂಟಿ ನನಗೆ ನಾಲ್ಕು ದಿನದ ಗಡುವು ಹಾಕಿದರು ಎಂದೇ ಇಷ್ಟು ವರ್ಷ ಜನರ ಮುಂದೆ ಹೇಳಿಕೊಂಡು ಬಂದಿದ್ದೆ. ಗಡುವಲ್ಲ ಅದು. ತಮ್ಮ ಅತಿ ಪ್ರೀತಿಯ ಒಂದು ದಿನವನ್ನು ಕೊಟ್ಟು ನನಗಾಗಿ ಪಡೆದುಕೊಂಡ ಸಮಯ. ಅದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಥ್ಯಾಂಕ್ಸ್ ಎಂದೆ, ಕನ್ನಡದಲ್ಲೂ ಏನೇನೋ ಹೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಿನ್ನಂಥವಳು ಯಾರಾದ್ರೂ ನಿನ್ನ ಪಟ್ಟೀಲಿ ಸಿಕ್ಕಿದ್ರೆ ಏನ್ ಮಾಡ್ತೀಯಾ?" ಎಂದು ಕೇಳಿದರು.

"ನಾಲ್ಕು ದಿನ ಕಾಯ್ತೀನಿ ಆಂಟಿ," ಎಂದೆ. "ಆ ವರ್ಷ ನಾನು ಕೂರಲ್ಲ."

"ಸರಿ ಹಾಗಾದ್ರೆ, ಸಹಿ ಹಾಕು," ಎಂದು ಫೋನಿಟ್ಟರು.